ಹೊಳಪಿನ ಕೆಳಗಿರುವ ವೀಣೆ

ಕಳೆದ ಬೇಸಿಗೆಯಲ್ಲಿ ಶ್ರೀರಂಗಪಟ್ಟಣದ ಕೋಟೆಯೊಳಗಿನ ಹಳೇ ಮನೆಯೊಂದರಲ್ಲಿ ಒಂದು ವೀಣೆ ನೋಡಿದೆ. ಮಾಸಿದ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದರು. ಬಿಚ್ಚಿ ನೋಡಿದರೆ ಬೀಟೆ ಮರದ ಕೊಡ, ಅದರ ಮೇಲೆ ಮಂಕಾದ ಅರಗಿನ ಮೆರುಗು. ಬಲಗೈ ಊರುವ ಅಂಚಿನಲ್ಲಿ ಆ ಮೆರುಗೂ ಸವೆದುಹೋಗಿ, ಅಂಗೈಯಗಲದ ಮರ ಕಪ್ಪಗೆ, ನುಣ್ಣಗೆ ಕಾಣುತ್ತಿತ್ತು. ಮನೆಯ ಅಜ್ಜಿ ಕೇಳಿದರು: “ಇದಕ್ಕೊಂದು ಪಾಲಿಶ್ ಹೊಡೆಸಿಬಿಟ್ಟರೆ ಹೊಸದರ ಹಾಗಾಗಲ್ವೇನಪ್ಪ?”

ಆಗುತ್ತದೆ. ಅದಕ್ಕೇ ಬೇಡ ಎಂದೆ. ಯಾಕೆಂದು ಬಿಡಿಸಿ ಹೇಳುವುದು ಅಗತ್ಯ. ಹಳೇ ವಾದ್ಯವೆಂದರೆ ನಮ್ಮಲ್ಲಿ ಎರಡೇ ಗತಿ: ಒಂದೋ ಅಟ್ಟ, ಇಲ್ಲವೇ ಪಾಲಿಶ್ ಅಂಗಡಿ. ಎರಡನೆಯದನ್ನು ನಾವು ಪ್ರೀತಿಯಿಂದಲೇ ಮಾಡುತ್ತೇವೆ, ಆದರೆ ಅದರಿಂದ ಆಗುವ ನಷ್ಟವೇ ಹೆಚ್ಚು.

ಹಳೇ ವೀಣೆಯ ಪರೀಕ್ಷೆ ಕಿವಿಯಿಂದ ಶುರುವಾಗಬೇಕು. ಮೇಲ್ಹಲಗೆಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತ ಹೋದರೆ ಗಟ್ಟಿ ಮರ ತುಂಬಿದ ದನಿ ಕೊಡುತ್ತದೆ. ಬಿರುಕು ಬಿಟ್ಟ ಕಡೆ, ಬೆಸುಗೆ ಸಡಿಲವಾದ ಕಡೆ ಆ ದನಿ ಒಡೆಯುತ್ತದೆ. ಆಮೇಲೆ ದಂಡಿ. ಬಿರಡೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ, ತಂತಿಗಳನ್ನು ಹೊರುವ ಕುದುರೆಯ ಕಡೆಗೆ ನೋಡಬೇಕು. ಏಳು ತಂತಿಗಳ ಎಳೆತ ಹೊತ್ತು ಹೊತ್ತು ದಂಡಿ ಬಾಗಿದ್ದರೆ ತಂತಿ ಮೆಟ್ಟಿಲಿನಿಂದ ಮೇಲಕ್ಕೆದ್ದಿರುತ್ತದೆ. ಒತ್ತಿದರೆ ಬೆರಳು ನೋಯುತ್ತದೆ, ಸ್ವರವೂ ಏರುತ್ತದೆ. ಕೊಡ ಮತ್ತು ದಂಡಿ ಸೇರುವ ಜಾಗವನ್ನು ಉಗುರಿನಿಂದ ಸವರಿ ನೋಡಬೇಕು. ಒಂದೇ ಮರದಲ್ಲಿ ಕೊರೆದ ಏಕಾಂಡ ವೀಣೆಯಾದರೆ ಅಲ್ಲಿ ಕೂಡೇ ಇರುವುದಿಲ್ಲ. ಕೊನೆಗೆ ಕುಟ್ಟೆ: ಸಣ್ಣ ತೂತುಗಳಿಂದ ಬಿಳಿಯ ಹೊಸ ಪುಡಿ ಉದುರುತ್ತಿದ್ದರೆ ಹುಳು ಇನ್ನೂ ಒಳಗಿದೆಯೆಂದೇ ಅರ್ಥ. ಇವೆಲ್ಲ ವೀಣೆಯ ಆರೋಗ್ಯದ ಮಾತು. ಇದರಲ್ಲಿ ಹೊಳಪಿಗೆ ಪಾತ್ರವೇ ಇಲ್ಲ.

ಮೇಣ ಒಣಗಿ ಮೆಟ್ಟಿಲು ಅಲುಗುವುದನ್ನು ದೊಡ್ಡ ದೋಷವೆಂದು ಹೆದರುವವರಿದ್ದಾರೆ. ಅದು ದೋಷವೇ ಅಲ್ಲ. ಇಪ್ಪತ್ನಾಲ್ಕು ಮೆಟ್ಟಿಲುಗಳನ್ನು ಜೇನುಮೇಣದಲ್ಲಿ ಕೂರಿಸಿರುವುದೇ ಬೇಕಾದಾಗ ಬಿಚ್ಚಿ, ಸ್ವರಕ್ಕೆ ಸರಿಯಾಗಿ ಕೂರಿಸಿ ಮತ್ತೆ ಮೇಳ ಕಟ್ಟಲೆಂದು. ಮೆಟ್ಟಿಲಿನ ಮೇಲೆ ತಂತಿ ಎಳೆದು ಬಿದ್ದ ಗೀರು, ಕುದುರೆಯ ಲೋಹದ ತಗಡಿನಲ್ಲಿ ಬಿದ್ದ ಕಚ್ಚು, ಇವನ್ನೂ ಉಜ್ಜಿ ಸರಿಪಡಿಸಬಹುದು. ವೀಣೆ ಕಟ್ಟಿದವರು ಸವೆಯುವ ಭಾಗಗಳನ್ನು ಬದಲಿಸಲು ಬರುವಂತೆಯೇ ಕಟ್ಟಿದ್ದಾರೆ. ಮೈಯ ಮೆರುಗು ಮಾತ್ರ ಹಾಗಲ್ಲ.

ಹಳೇ ಮೆರುಗು ಅರಗಿನದು. ಸ್ಪಿರಿಟ್ ಅದ್ದಿದ ಹತ್ತಿಯನ್ನು ಕೊಡದ ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಒಮ್ಮೆ ಒತ್ತಿದರೆ ಅರಗು ಅಂಟುಅಂಟಾಗಿ ಕರಗುತ್ತದೆ. ಈಗಿನ ದಪ್ಪ ವಾರ್ನಿಶ್ ಕದಲುವುದಿಲ್ಲ. ಕರಗುತ್ತದೆ ಎಂಬುದೇ ಅರಗಿನ ಗುಣ: ಸವೆದಲ್ಲಿ ಮಾತ್ರ ತೆಳುವಾಗಿ ಸವರಿದರೆ ಹಳೆಯದರೊಂದಿಗೆ ಬೆರೆತುಹೋಗುತ್ತದೆ. ಪಾಲಿಶ್ ಅಂಗಡಿಯಲ್ಲಿ ಮೊದಲು ಬರುವುದು ಉಪ್ಪುಕಾಗದ. ಅದು ಮೆರುಗಿನ ಜೊತೆ ಮರವನ್ನೂ ಒಂದಿಷ್ಟು ಕೊಂಡೊಯ್ಯುತ್ತದೆ. ಅಂಚಿಗೆ ಕೂರಿಸಿದ ಬಿಳಿ ಪಟ್ಟಿಯಲ್ಲಿ ಕೊರೆದು ಕಪ್ಪು ತುಂಬಿದ ಬಳ್ಳಿಗೆರೆಗಳು ಕೂದಲೆಳೆಯಷ್ಟು ಆಳವಿರುತ್ತವೆ. ನಾಲ್ಕು ಸಲ ಉಜ್ಜಿದರೆ ಮಾಯ. ಆಮೇಲೆ ಬಳಿಯುವ ದಪ್ಪ ಲೇಪ ಕಂಪಿಸಬೇಕಾದ ಮೇಲ್ಹಲಗೆಗೆ ಹೊದಿಕೆ ಹೊದಿಸಿದಂತೆ ಕೂರುತ್ತದೆ.

ಹಳೇ ಗಿಟಾರುಗಳ ಲೋಕ ಈ ಪಾಠವನ್ನು ಎಂದೋ ಕಲಿತಿದೆ. ಅಮೆರಿಕದ ಮಾರ್ಟಿನ್ ಕಂಪನಿಯ ಹಳೇ ಗಿಟಾರಿನ ಮೆರುಗು ಬಿರುಕುಬಿಟ್ಟಿದ್ದರೂ ಅದು ಮೂಲದ್ದೇ ಆಗಿದ್ದರೆ ಬೆಲೆ ನಿಲ್ಲುತ್ತದೆ. ಹೊಸದಾಗಿ ಬಳಿಸಿದ್ದರೆ ಬೀಳುತ್ತದೆ. 1969ರ ಸುಮಾರಿಗೆ ಬ್ರೆಜಿಲ್‌ನ ಮರ ಸಿಗದಾದಾಗ ಆ ಕಂಪನಿ ತನ್ನ ಗಿಟಾರುಗಳಿಗೆ ಆರಿಸಿಕೊಂಡದ್ದು ಭಾರತದ ಬೀಟೆಯನ್ನು. ಅದೇ ಜಾತಿಯ ಮರ ನಮ್ಮ ಅಟ್ಟದಲ್ಲಿದೆ, ಅದರ ಗೆರೆಯನ್ನೂ ಬಣ್ಣವನ್ನೂ ನಾವೇ ಉಜ್ಜಿ ಹಾಕುತ್ತಿದ್ದೇವೆ.

ವಾದ್ಯ ಯಾವ ಊರಿನಲ್ಲಿ ಬಾಳಿತು ಎಂಬುದನ್ನೂ ಪರೀಕ್ಷಿಸುವವರು ಕೇಳಬೇಕು. ಶ್ರೀರಂಗಪಟ್ಟಣ ಕಾವೇರಿ ಸುತ್ತುವರಿದ ದ್ವೀಪ. ಪಾಂಡವಪುರದಲ್ಲೂ ಕೆ.ಆರ್. ಪೇಟೆಯ ನಾಲೆ ಬಯಲಿನಲ್ಲೂ ಗದ್ದೆ, ಕಬ್ಬಿನ ತೇವ. ಅಂಥ ಕಡೆ ಮರ ಉಬ್ಬಿ ಬಿರಡೆ ಬಿಗಿಯುತ್ತದೆ, ಅರಗಿನ ಮೇಲೆ ಬಿಳಿ ಮಂಜು ಕೂರುತ್ತದೆ. ನಾಗಮಂಗಲದ ಮಳೆಯಾಶ್ರಿತ ಬಯಲಿನಲ್ಲಿ, ಫಾಲ್ಗುಣ ಚೈತ್ರದ ಒಣಹವೆಗೆ, ಮರ ಕುಗ್ಗಿ ಎಳೆಯುದ್ದಕ್ಕೂ ಸೀಳು ಬಿಡಬಹುದು. ಮಂಜನ್ನು ನುರಿತ ಕೈ ಅರಗಿನಿಂದಲೇ ತೆಗೆಯಬಲ್ಲದು. ಸೀಳಿಗೆ ಬೇಕಾದದ್ದು ಬಡಗಿಯ ಕೈ. ಎರಡಕ್ಕೂ ಪಾಲಿಶ್ ಒಂದೇ ಮದ್ದೆನ್ನುವುದು ರೋಗ ನೋಡದೆ ಔಷಧ ಕೊಟ್ಟಂತೆ.

ಹಾಗಾದರೆ ಹಳೆಯದನ್ನು ಮುಟ್ಟಲೇಬಾರದೆ? ಈ ಪ್ರಶ್ನೆಗೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲೇ ಉತ್ತರವಿದೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಮರದ ಅರಮನೆಯ ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಅಲ್ಲಿನ ಗೋಡೆಚಿತ್ರಗಳು 1799ರ ಬ್ರಿಟಿಷ್ ಮುತ್ತಿಗೆಗೆ ಮುಂಚೆಯೇ ಕೆಟ್ಟಿದ್ದವು. ಮುತ್ತಿಗೆಯ ನಂತರ ಅಲ್ಲಿ ವಾಸವಿದ್ದ ಬ್ರಿಟಿಷ್ ಸೇನಾಧಿಕಾರಿ ವೆಲ್ಲೆಸ್ಲಿ ಅವನ್ನು ದುರಸ್ತಿ ಮಾಡಿಸಿದ. ಆಮೇಲೆ ಅವುಗಳಿಗೆ ಸುಣ್ಣ ಬಳಿದರು. ಹತ್ತೊಂಬತ್ತನೆಯ ಶತಮಾನದ ನಡುವೆ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯ ಮೇರೆಗೆ, ಹಳೇ ಚಿತ್ರ ನೆನಪಿದ್ದ ಇಲ್ಲಿನ ಕಲಾವಿದನೊಬ್ಬ ಮತ್ತೆ ಬರೆದ. ಆ ಕೈ ಇರದಿದ್ದರೆ ಇಂದು ನಮಗೆ ಬರೀ ಗೋಡೆ ಉಳಿಯುತ್ತಿತ್ತು. ಆದರೆ ಯಾವ ಗೆರೆ ಟಿಪ್ಪುವಿನ ಕಾಲದ್ದು, ಯಾವುದು ನೆನಪಿನದು ಎಂದು ನೋಡುವವನಿಗೆ ಬೇರ್ಪಡಿಸಲಾಗದು. ಅಳಿಯುತ್ತಿರುವುದನ್ನು ಉಳಿಸಲು ಕೈಹಾಕಬೇಕು. ಗಟ್ಟಿಯಾಗಿರುವುದನ್ನು ಹೊಸದಾಗಿ ಕಾಣಿಸಲು ಕೈಹಾಕಬಾರದು. ನನ್ನ ಅಳತೆಗೋಲು ಇಷ್ಟೇ.

ಈ ಅಳತೆಗೋಲು ನನಗೆ ಪುಕ್ಕಟೆ ಬಂದದ್ದಲ್ಲ. ನಮ್ಮಜ್ಜಿಯ ವೀಣೆಯನ್ನು ಇಪ್ಪತ್ತು ವರ್ಷದ ಹಿಂದೆ ಒಂದು ಅಂಗಡಿಗೆ ಕೊಟ್ಟಿದ್ದೆ. ಕನ್ನಡಿಯಂತೆ ಹೊಳೆಯುತ್ತ ಮನೆಗೆ ಬಂತು. ದಂಡಿಯ ಅಂಚಿನಲ್ಲಿ ಅವರ ಎಡಗೈ ಓಡಾಡಿ ಬಿದ್ದಿದ್ದ ತಗ್ಗು ಮಾತ್ರ ಇರಲಿಲ್ಲ. ಅಲ್ಲಿ ಲಪ್ಪ ತುಂಬಿ ಮಟ್ಟ ಮಾಡಿದ್ದರು. ಅವರ ಕೈ ಎಲ್ಲಿ ನಿಲ್ಲುತ್ತಿತ್ತೆಂದು ತೋರಿಸುವ ಇನ್ನೊಂದು ಗುರುತು ನಮ್ಮ ಮನೆಯಲ್ಲಿಲ್ಲ.

ಶ್ರೀರಂಗಪಟ್ಟಣದ ವೀಣೆಗೆ ಕೊನೆಗೆ ಮಾಡಿಸಿದ್ದು ಮೂರೇ ಕೆಲಸ: ಹೊಸ ಮೇಳ, ಹೊಸ ತಂತಿ, ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸುವುದು. ಶ್ರುತಿ ಸೇರಿಸಿ ಮಂದ್ರದ ತಂತಿ ಮೀಟಿದಾಗ ಆ ನಾದ ನಡುಮನೆಯ ಕಂಬದವರೆಗೂ ಹೋಗಿ ನಿಧಾನಕ್ಕೆ ಆರಿತು. ಅಜ್ಜಿ ಹತ್ತಿರ ಬಂದು ಕೂತು, ಮೆರುಗು ಹೋದ ಆ ಕಪ್ಪು ಜಾಗದ ಮೇಲೆ ತಮ್ಮ ಬಲಗೈ ಇಟ್ಟರು. ಅವರತ್ತೆಯ ಕೈ ಸವೆಸಿದ್ದ ಜಾಗ ಅದು. ಪಾಲಿಶಿನ ಮಾತು ಮತ್ತೆ ಬರಲಿಲ್ಲ.