ಪಾಪ ಮತ್ತು ಅಪರಾಧ: ಒಂದು ತೀರ್ಪಿನ ಮರುಓದು

ನವ್‌ತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ನೀಡಿದ ತೀರ್ಪನ್ನು ನಾವು ಬಹುಕಾಲ ನೈತಿಕ ಸಡಿಲಿಕೆಯ ದಾಖಲೆಯೆಂದೇ ಬೋಧಿಸಿದೆವು. ಆ ಓದು ತಪ್ಪಾಗಿತ್ತು.

ವಯಸ್ಕರ ನಡುವಣ ಸಮ್ಮತಿಯ ಖಾಸಗಿ ಸಂಬಂಧವು ಶಿಕ್ಷಾರ್ಹವಲ್ಲವೆಂದು ನ್ಯಾಯಪೀಠ ಹೇಳಿತೇ ಹೊರತು ಪಾಪಪುಣ್ಯಗಳನ್ನು ನಿರ್ಣಯಿಸಲಿಲ್ಲ. ಅವೆರಡನ್ನೂ ಬೆರೆಸಿದ್ದು ಹಳೆಯ ಕಾನೂನೇ. ಧರ್ಮಸಭೆಯ ನ್ಯಾಯಪೀಠಗಳ ವ್ಯಾಪ್ತಿಯಲ್ಲಿದ್ದ ಪಾಪವನ್ನು 1533ರಲ್ಲಿ ಎಂಟನೆಯ ಹೆನ್ರಿಯ ಸಂಸತ್ತು ಮರಣದಂಡನೆಯ ಅಪರಾಧವಾಗಿಸಿತು. 1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮು ‘ನಿಸರ್ಗಕ್ರಮಕ್ಕೆ ವಿರುದ್ಧ’ವೆಂಬ ನಮ್ಮ ನೀತಿಶಾಸ್ತ್ರದ ನುಡಿಯನ್ನೇ ಬಳಸಿತು. ಆದರೆ ಮಾನವ ಕಾನೂನು ಎಲ್ಲ ದುರ್ಗುಣಗಳನ್ನೂ ನಿಷೇಧಿಸತಕ್ಕದ್ದಲ್ಲ, ಮುಖ್ಯವಾಗಿ ಪರರಿಗೆ ಹಾನಿಯಾಗುವಂಥವನ್ನು ತಡೆಯಬೇಕು ಎಂಬುದು ಸಂತ ತೋಮಸ್ ಅಕ್ವಿನಾಸರ ಬೋಧನೆ. ನಮ್ಮ ಗ್ರಂಥಗಳಲ್ಲೇ ಇದ್ದ ಈ ವಿವೇಚನೆಗೆ ಸಮೀಪವಾದ ವಾದವನ್ನು ಅರ್ಜಿದಾರರ ವಕೀಲರು ಮಂಡಿಸಿದರು. ಕೆಲವು ಕ್ರೈಸ್ತ ಸಂಘಟನೆಗಳು ಎದುರುಪಕ್ಷದಲ್ಲಿ ನಿಂತವು.

ತೀರ್ಪಿನಲ್ಲಿ ಕೊರತೆಯೂ ಉಂಟು. ಅದು ಮನುಷ್ಯನ ಘನತೆಯನ್ನು ಬಹುಮಟ್ಟಿಗೆ ಆಯ್ಕೆಯ ಸ್ವಾತಂತ್ರ್ಯದ ಮೇಲೆ ನಿಲ್ಲಿಸುತ್ತದೆ. ನಮ್ಮ ವಿಶ್ವಾಸದಂತೆ ಘನತೆಯು ಆಯ್ಕೆಗೂ ಮೊದಲೇ, ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದುದರಿಂದಲೇ, ದೊರೆತದ್ದು. ಆದ್ದರಿಂದ ಯಾವ ಆಯ್ಕೆಯಿಂದಲೂ ಅಳಿಯದು. ಇಷ್ಟು ಗಟ್ಟಿಯಾದ ನೆಲೆಯುಳ್ಳ ನಾವು ಆ ಘನತೆಯ ರಕ್ಷಣೆಗೆ ನ್ಯಾಯಾಲಯಕ್ಕಿಂತ ಮುಂಚೆಯೇ ಬರಬೇಕಿತ್ತು. ವಿವಾಹ ಸಂಸ್ಕಾರದ ಬೋಧನೆ ಇದಕ್ಕೆ ಅಡ್ಡಿಯಲ್ಲ.

ಈ ಸಮುದಾಯಕ್ಕೂ ಅವರ ಕುಟುಂಬಗಳಿಗೂ ಇತಿಹಾಸವು ಕ್ಷಮೆ ಕೋರಬೇಕಾಗಿದೆಯೆಂದು ನ್ಯಾಯಮೂರ್ತಿ ಇಂದು ಮಲ್ಹೋತ್ರ ಬರೆದರು. ಆ ಇತಿಹಾಸದಲ್ಲಿ ನಮ್ಮ ಪಾಲೂ ಇದೆ. ಪಶ್ಚಾತ್ತಾಪವನ್ನು ಬೋಧಿಸುವ ಯಾಜಕರಾದ ನಾವು ಆ ಮಾತನ್ನು ನ್ಯಾಯಪೀಠದಿಂದ ಕಲಿಯಬೇಕಾಯಿತು. ಇನ್ನಾದರೂ ನಮ್ಮ ಪೀಠದಿಂದ ಅದನ್ನು ನುಡಿಯೋಣ.