ವಾಕ್ಚಿತ್ರದ ಮೊದಲ ಪಾಠ: ಕಾರಾಪುರದಿಂದ ನೊದೆಕೊಪ್ಪಲಿಗೆ

ಹೆಗ್ಗಡದೇವನಕೋಟೆಯ ತಾಲ್ಲೂಕಿಗೆ ಸೇರಿದ ಅಂತರಸಂತೆಯು ಮೈಸೂರಿನಿಂದ ಮಾನಂದವಾಡಿಗೆ ಹೋಗುವ ಹಾದಿಯಲ್ಲಿ, ನಾಗರಹೊಳೆಯ ಕಾಡಿಗೂ ಕಬಿನಿಯ ಹಿನ್ನೀರಿಗೂ ಸಮೀಪದಲ್ಲಿರುವ ಊರು. ಈ ಸೀಮೆಯ ಆನೆಗಳನ್ನೂ ಹುಲಿಗಳನ್ನೂ ಕಾಡನ್ನೂ ಹೊಳೆಯನ್ನೂ ಚಿತ್ರಯಂತ್ರಗಳು ತೊಂಬತ್ತು ವರ್ಷಗಳಿಂದ ನೋಡುತ್ತ ಬಂದಿವೆ. ನೋಡಿದವರು ಮಾತ್ರ ಬಹುಮಟ್ಟಿಗೆ ಹೊರಗಿನಿಂದ ಬಂದು, ಕೆಲಸ ಮುಗಿಸಿಕೊಂಡು ಹಿಂದಿರುಗಿದವರು. ಈಗ ಚಿತ್ರಯಂತ್ರವು ಪ್ರತಿಯೊಬ್ಬನ ಜೇಬಿನಲ್ಲಿರುವುದರಿಂದ ಇಲ್ಲಿನ ತರುಣನೊಬ್ಬನು ಅಥವಾ ತರುಣಿಯೊಬ್ಬಳು ಯಾವ ದೊಡ್ಡ ಸಂಸ್ಥೆಯ ಹಂಗೂ ಇಲ್ಲದೆ ತನ್ನೂರಿನಲ್ಲಿಯೇ ಮೊದಲನೆಯ ಚಿತ್ರವನ್ನು ತೆಗೆಯುವುದು ಅಸಾಧ್ಯವೇನೂ ಅಲ್ಲ. ಹಾಗೆ ಹೊರಟವರು ಯಾವ ಕಸುಬನ್ನು ಮೊದಲು ಕಲಿಯಬೇಕೆಂಬುದೇ ಈ ಲೇಖನದ ವಿಚಾರ. ಇದಕ್ಕೆ ಎರಡು ಚಿತ್ರಗಳನ್ನು ಸಾಕ್ಷಿಯಾಗಿ ಕರೆಯುತ್ತೇವೆ. ಒಂದು, ಇದೇ ಸೀಮೆಯಲ್ಲಿ ತೆಗೆದು 1937ರಲ್ಲಿ ಹೊರಬಂದ ‘ಎಲಿಫೆಂಟ್ ಬಾಯ್’. ಇನ್ನೊಂದು, ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ತೆಗೆದು 2015ರಲ್ಲಿ ಮೊದಲು ಪ್ರದರ್ಶಿತವಾದ ‘ತಿಥಿ’.

‘ಎಲಿಫೆಂಟ್ ಬಾಯ್’ ಚಿತ್ರದ ಕಥೆ ಕಿಪ್ಲಿಂಗನದು. ಬಂಡವಾಳವು ಲಂಡನ್ನಿನ ಅಲೆಕ್ಸಾಂಡರ್ ಕೋರ್ಡಾನದು. ನಿರ್ದೇಶಕನಾಗಿ ಬಂದ ರಾಬರ್ಟ್ ಫ್ಲಾಹರ್ಟಿಯು 1922ರಲ್ಲಿಯೇ ‘ನಾನೂಕ್ ಆಫ್ ದಿ ನಾರ್ತ್’ ಎಂಬ ಚಿತ್ರದಿಂದ ಲೋಕಪ್ರಸಿದ್ಧನಾಗಿದ್ದನು. ಅವನ ಪದ್ಧತಿ ಇಂದಿಗೂ ಆದರಣೀಯವಾದದ್ದು. ಕಥೆಯನ್ನು ಮೇಜಿನ ಮೇಲೆ ಮುಗಿಸಿಕೊಂಡು ಬರದೆ, ಜನರ ನಡುವೆ ಬಹುಕಾಲವಿದ್ದು, ವೃತ್ತಿನಟರನ್ನು ಬಿಟ್ಟು ಆಯಾ ಸ್ಥಳದವರಿಂದಲೇ ಅವರ ಬಾಳನ್ನು ಆಡಿಸುವುದು ಅವನ ಕ್ರಮ. 1935ರಲ್ಲಿ ಮೈಸೂರಿಗೆ ಬಂದವನು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ನಿಂತನು. ಅರಮನೆಯ ಆನೆಲಾಯದಲ್ಲಿದ್ದ, ತಂದೆಯಿಲ್ಲದ ಮಾವುತರ ಮಗ ಸಾಬು ಅವನ ನಾಯಕನಾದನು. ಈ ಬಾಲಕನು ಹುಟ್ಟಿದ್ದು 1924ರಲ್ಲಿ, ಅಂತರಸಂತೆಗೆ ನೆರೆಯಾದ ಕಾರಾಪುರದಲ್ಲಿ. ಅರಮನೆಯ ಐರಾವತವೆಂಬ ಆನೆಯು ಕಥೆಯ ಕಾಲಾನಾಗನಾಯಿತು.

ಈ ಚಿತ್ರವನ್ನು ನೋಡುವಾಗ ನಮ್ಮ ಮನಸ್ಸು ಇಬ್ಭಾಗವಾಗುವುದು. ಬಾಲಕನು ಆನೆಯ ಮೈತೊಳೆಯುವುದು, ಸೊಂಡಿಲಿನ ಮೇಲೆ ಕಾಲಿಟ್ಟು ಹತ್ತುವುದು, ಕಾಡಾನೆಗಳ ಹಿಂಡು ನೀರಿಗಿಳಿಯುವುದು, ಇವುಗಳಲ್ಲಿ ಸುಳ್ಳು ಎಂಬುದು ಲೇಶವೂ ಇಲ್ಲ. ಅಲ್ಲಿ ನಟನೆಯೇ ಇಲ್ಲ. ಕಸುಬು ಮಾತ್ರವಿದೆ, ಅದೂ ಮಾವುತನ ಕಸುಬು. ಆದರೆ ಚಿತ್ರವು ಬಾಯಿ ತೆರೆದ ಕೂಡಲೆ ಬೇರೆಯಾಗುವುದು. ಮೊದಲ ದೃಶ್ಯದಲ್ಲಿಯೇ ಸಾಬು ನಮ್ಮ ಎದುರಿಗೆ ನಿಂತು ಇಂಗ್ಲಿಷಿನಲ್ಲಿ ಮಾತನಾಡುತ್ತಾನೆ. ಮಾವುತರ ಬಿಡಾರಗಳಲ್ಲಿ ಯಾರೂ ಆಡದಿದ್ದ ಆ ಮಾತನ್ನು ಅವನು ಬಾಯಿಪಾಠ ಮಾಡಿ ಒಪ್ಪಿಸಿದನು. ಫ್ಲಾಹರ್ಟಿ ಸಂಗ್ರಹಿಸಿದ ರಾಶಿ ರಾಶಿ ಚಿತ್ರಗಳಲ್ಲಿ ಕಥೆ ಸಾಲದೆಂದು ಕೋರ್ಡಾ ತನ್ನ ತಮ್ಮನಾದ ಜೋಲ್ಟಾನನನ್ನು ನೇಮಿಸಿದನು. ಬಾಲಕನನ್ನು ಇಂಗ್ಲೆಂಡಿಗೆ ಕರೆದೊಯ್ದು ಉಳಿದ ಭಾಗವನ್ನು ಡೆನ್ಹಾಮಿನ ಸ್ಟುಡಿಯೋದಲ್ಲಿ ತೆಗೆದರು. ಮಾಚುವಾ ಅಪ್ಪನೆಂಬ ಹಿರಿಯ ಬೇಟೆಗಾರನ ಪಾತ್ರವನ್ನು ಅಲನ್ ಜೇಸ್ ಎಂಬ ಆಂಗ್ಲನಟನು ಮುಖಕ್ಕೆ ಬಣ್ಣ ಬಳಿದುಕೊಂಡು ಆಡಿದನು. ವೆನಿಸ್ ಉತ್ಸವದಲ್ಲಿ 1937ರ ಉತ್ತಮ ನಿರ್ದೇಶನದ ಬಹುಮಾನವು ಇಬ್ಬರು ನಿರ್ದೇಶಕರಿಗೂ ಸಂದಿತು. ಕಾರಾಪುರದ ಬಾಲಕನು ಹಾಲಿವುಡ್ಡಿನ ತಾರೆಯಾಗಿ 1963ರಲ್ಲಿ ಕ್ಯಾಲಿಫೋರ್ನಿಯದಲ್ಲಿ ತೀರಿಕೊಂಡನು.

ಚಿತ್ರಕ್ಕೆ ಈ ಸೀಮೆಯು ಕಣ್ಣಿಗೆ ಬೇಕಾದದ್ದನ್ನೆಲ್ಲ ಕೊಟ್ಟಿತು. ಕಿವಿಗೆ ಬೇಕಾದದ್ದನ್ನು ಅದರಿಂದ ಯಾರೂ ಕೇಳಲಿಲ್ಲ. ಇದು ಫ್ಲಾಹರ್ಟಿಯ ಅಸಡ್ಡೆಯೆಂದು ನಾವು ಹೇಳುವುದಿಲ್ಲ; ಲಂಡನ್ನಿನ ಮಾರುಕಟ್ಟೆಗಾಗಿ ಮಾಡಿದ ಚಿತ್ರವು ಅಲ್ಲಿನ ಮಾತನ್ನೇ ಆಡಬೇಕಾಗಿತ್ತು. ಆದರೆ ಪರಿಣಾಮವೇನಾಯಿತೆಂಬುದನ್ನು ನೋಡಬೇಕು. ಎಷ್ಟೋ ಜನ ಮಾವುತರೂ ಕುರುಬರೂ ಚಿತ್ರದಲ್ಲಿ ಓಡಾಡುತ್ತಾರೆ. ಅವರಲ್ಲಿ ಒಬ್ಬನಾದರೂ ತನ್ನ ನುಡಿಯಲ್ಲಿ ಒಂದು ಪೂರ್ಣ ವಾಕ್ಯವನ್ನು ಆಡಿ ನಮ್ಮ ನೆನಪಿನಲ್ಲಿ ಉಳಿಯುವುದಿಲ್ಲ.

ನಮ್ಮ ಹಿರಿಯರು ಮಾತಾಡುವ ಚಿತ್ರಕ್ಕೆ ವಾಕ್ಚಿತ್ರವೆಂದು ಹೆಸರಿಟ್ಟಿದ್ದರು. ಆ ಸಮಾಸದಲ್ಲಿ ವಾಕ್ಕು ಮೊದಲು, ಚಿತ್ರವು ಅನಂತರ. ಹೆಸರು ಬಳಕೆ ತಪ್ಪಿದಂತೆ ಅದರೊಳಗಿನ ವಿವೇಕವೂ ಬಳಕೆ ತಪ್ಪಿತೇನೋ! ಕನ್ನಡದ ಮೊದಲನೆಯ ವಾಕ್ಚಿತ್ರ ‘ಸತಿ ಸುಲೋಚನ’ವು 1934ರಲ್ಲಿ ಹೊರಬಂದಿತು, ಅದನ್ನು ತೆಗೆದದ್ದು ಕೊಲ್ಹಾಪುರದಲ್ಲಿ, ಏಕೆಂದರೆ ಶಬ್ದಗ್ರಹಣದ ಅನುಕೂಲವುಳ್ಳ ಶಾಲೆ ಕನ್ನಡನಾಡಿನಲ್ಲಿ ಆಗ ಇರಲಿಲ್ಲ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ 1940ರ ದಶಕದಲ್ಲಿಯೇ ಛಾಯಾಗ್ರಹಣವನ್ನೂ ಶಬ್ದಶಾಸ್ತ್ರವನ್ನೂ ಕಲಿಸಲು ಆರಂಭಿಸಿದ್ದು ಹೆಮ್ಮೆಯ ಸಂಗತಿ. ಮೈಸೂರಿನವರಾದ ವಿ. ಕೆ. ಮೂರ್ತಿಯವರು ಅಲ್ಲಿ ಕಲಿತು, ಮುಂಬಯಿಗೆ ಹೋಗಿ, 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಬೆಳಕಿನಿಂದ ಹೆಸರಾಂತರಾಗಿ, ಮುಂದೆ ಫಾಲ್ಕೆ ಪ್ರಶಸ್ತಿಯನ್ನು ಪಡೆದರು. ಅಲ್ಲಿಂದ ಹೊರಬಂದ ಛಾಯಾಗ್ರಾಹಕರ ಹೆಸರುಗಳನ್ನು ರಸಿಕರು ಬಲ್ಲರು. ಶಬ್ದಗ್ರಾಹಕರ ಹೆಸರನ್ನು ಯಾರಾದರೂ ಕೇಳಿದರೆ ನಾವೆಲ್ಲರೂ ತಡವರಿಸುತ್ತೇವೆ.

ಇನ್ನು ‘ತಿಥಿ’ಯ ವಿಚಾರ. ಶ್ರೀ ರಾಮ್ ರೆಡ್ಡಿಯವರಿಗೆ ಇದು ಮೊದಲನೆಯ ಪೂರ್ಣ ಪ್ರಮಾಣದ ಚಿತ್ರ. ಕಥೆಯನ್ನು ಅವರೊಡನೆ ರಚಿಸಿದ ಶ್ರೀ ಈರೇಗೌಡರು ನೊದೆಕೊಪ್ಪಲನ್ನು ಒಳಗಿನಿಂದ ಬಲ್ಲವರು. ಪಾತ್ರಧಾರಿಗಳು ಆ ಊರಿನವರು ಮತ್ತು ಸುತ್ತಲಿನವರು. ಬಣ್ಣ ಹಚ್ಚಿದ ಅನುಭವವಿಲ್ಲದವರು. ನೂರು ದಾಟಿದ ಸೆಂಚುರಿ ಗೌಡನು ದಾರಿಹೋಕರನ್ನೆಲ್ಲ ಬೈಯುತ್ತ ಕುಳಿತಿದ್ದು ಅಕಸ್ಮಾತ್ತಾಗಿ ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಯವರೆಗೆ ಅವನ ಮಗ ಗಡ್ಡಪ್ಪ, ಮೊಮ್ಮಗ ತಮ್ಮಣ್ಣ, ಮರಿಮಗ ಅಭಿ, ಈ ಮೂವರು ಮೂರು ದಿಕ್ಕಿಗೆ ನಡೆಯುವುದೇ ಕಥೆ. ತಮ್ಮಣ್ಣನಿಗೆ ಜಮೀನಿನ ಚಿಂತೆ. ಅದಕ್ಕಾಗಿ ಬದುಕಿರುವ ತಂದೆಯನ್ನು ಕಾಗದದಲ್ಲಿ ಕೊಲ್ಲುವುದಕ್ಕೂ ಅವನು ಹಿಂಜರಿಯುವುದಿಲ್ಲ. ಗಡ್ಡಪ್ಪನಿಗೆ ಯಾವುದರ ಚಿಂತೆಯೂ ಇಲ್ಲ. ಲೊಕಾರ್ನೋ ಉತ್ಸವದಲ್ಲಿ 2015ರಲ್ಲಿ ನವನಿರ್ದೇಶಕರ ವಿಭಾಗದ ಸ್ವರ್ಣ ಚಿರತೆಯೂ ಮೊದಲ ಚಿತ್ರದ ಪ್ರಶಸ್ತಿಯೂ ಇದಕ್ಕೆ ದೊರೆತುವು.

ಫ್ಲಾಹರ್ಟಿಯ ಪದ್ಧತಿಯೇ ಇಲ್ಲಿಯೂ ಇದೆಯಲ್ಲ, ಭೇದವೇನು ಎಂದು ವಾಚಕರು ಕೇಳಬಹುದು. ಭೇದವು ಕಿವಿಯಲ್ಲಿದೆ. ‘ತಿಥಿ’ಯ ಮಾತನ್ನು ಅನಂತರ ಸ್ಟುಡಿಯೋದಲ್ಲಿ ಕುಳಿತು ಬೇರೆಯವರು ಕೂಡಿಸಲಿಲ್ಲ, ಚಿತ್ರ ತೆಗೆಯುವಾಗಲೇ ಸ್ಥಳದಲ್ಲಿಯೇ ಹಿಡಿದರು. ಕುರಿಗಾಹಿಗಳ ಬಿಡಾರದಲ್ಲಿ ರಾತ್ರಿ ಬೆಂಕಿಯ ಮುಂದೆ ಕುಳಿತು ಗಡ್ಡಪ್ಪನು ತನ್ನ ಹಿಂದಿನ ಬಾಳಿನ ಗಾಯವನ್ನು ಹೇಳಿಕೊಳ್ಳುವ ಭಾಗವನ್ನು ನೆನೆಯಿರಿ. ಅಲ್ಲಿ ಕಣ್ಣಿಗೆ ವಿಶೇಷವೇನೂ ಇಲ್ಲ: ಒಂದು ಗಡ್ಡದ ಮುಖ, ಸ್ವಲ್ಪ ಬೆಳಕು. ಚಿತ್ರದ ಭಾರವೆಲ್ಲ ಆ ಮುದುಕನ ಉಸಿರಿನ ಮೇಲೆ, ಮಾತಿನ ನಡುವಣ ಅವನ ನಿಲುಗಡೆಗಳ ಮೇಲೆ ಕೂತಿದೆ. ಇದೇ ಮಾತನ್ನು ಪಟ್ಟಣದ ಕಂಠವೊಂದು ತುಟಿಯ ಚಲನೆಗೆ ಹೊಂದಿಸಿ ಹೇಳಿದ್ದರೆ ದೃಶ್ಯವು ಸತ್ತು ಹೋಗುತ್ತಿತ್ತು. ಮರಿಮಗನ ಪ್ರಣಯದ ಭಾಗವು ನಮಗೆ ಅಷ್ಟು ಹಿಡಿಸದೆ ಹೋದದ್ದಕ್ಕೆ ಕಾರಣವೂ ಬಹುಶಃ ಇದೇ. ಅಲ್ಲಿ ಮಾತು ಕಡಮೆ, ಬೆನ್ನಟ್ಟುವುದು ಹೆಚ್ಚು. ಬಡ್ಡಿಗೆ ಸಾಲ ಕೊಡುವ ಕಮಲಕ್ಕನಿಗೆ ಇನ್ನಷ್ಟು ಅವಕಾಶವಿರಬೇಕಾಗಿತ್ತು.

ಹೊರಗಿನ ಕೈ ಬರಕೂಡದೆಂಬುದು ನಮ್ಮ ವಾದವಲ್ಲ. ‘ತಿಥಿ’ಯ ಛಾಯಾಗ್ರಾಹಕರು ಪರದೇಶದವರು. 1970ರ ‘ಸಂಸ್ಕಾರ’ಕ್ಕೆ ಚಿತ್ರಯಂತ್ರ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯದವರು, ಆ ಚಿತ್ರಕ್ಕಿಂತ ಕನ್ನಡವಾದದ್ದು ಎಷ್ಟಿದೆ? ಕೇಳಬೇಕಾದ ಪ್ರಶ್ನೆ, ಕೆಲಸ ಮುಗಿದ ಮೇಲೆ ಊರಿನಲ್ಲಿ ಯಾವ ವಿದ್ಯೆ ಉಳಿಯಿತೆಂಬುದು. ಈರೇಗೌಡರು ಮುಂದೆ ತಾವೇ ನಿರ್ದೇಶಕರಾಗಿ ‘ಬಳೆಕೆಂಪ’ವನ್ನು ಮಾಡಿದರು, ರಾಟರ್‌ಡ್ಯಾಮ್ ಉತ್ಸವದಲ್ಲಿ 2018ರಲ್ಲಿ ಅದಕ್ಕೆ ವಿಮರ್ಶಕರ ಅಂತರರಾಷ್ಟ್ರೀಯ ಪ್ರಶಸ್ತಿ ಬಂದಿತು. ಬಹುಮಾನಕ್ಕಿಂತಲೂ ಇದನ್ನು ನಾವು ‘ತಿಥಿ’ಯ ಫಲವೆಂದು ಎಣಿಸುತ್ತೇವೆ. ಉತ್ತರ ಕನ್ನಡದ ಶ್ರೀ ನಟೇಶ್ ಹೆಗಡೆಯವರು ಮೊದಲು ಕಿರುಚಿತ್ರಗಳಲ್ಲಿ ಕೈ ಪಳಗಿಸಿಕೊಂಡು, ತಮ್ಮ ತಂದೆಯವರನ್ನೇ ಮುಖ್ಯ ಪಾತ್ರಕ್ಕೆ ನಿಲ್ಲಿಸಿ ‘ಪೆದ್ರೊ’ವನ್ನು ತೆಗೆದು 2021ರಲ್ಲಿ ಬೂಸಾನಿಗೆ ಕಳುಹಿಸಿದ್ದೂ ಇಂಥದೇ ದೃಷ್ಟಾಂತ.

ಅಂತರಸಂತೆಯ ಕಡೆಗೆ ಮತ್ತೆ ತಿರುಗೋಣ. ಈ ಸೀಮೆಯಲ್ಲಿ ಒಕ್ಕಲಿಗರ ಕನ್ನಡವುಂಟು, ಜೇನುಕುರುಬರ ನುಡಿಯುಂಟು, ಬೆಟ್ಟಕುರುಬರದೂ ಯರವರದೂ ಉಂಟು. ಮಾನಂದವಾಡಿಯ ಹಾದಿಯಲ್ಲಿ ಮಲಯಾಳವೂ ಬಂದು ಹೋಗುತ್ತದೆ. ಇಷ್ಟು ನುಡಿಗಳು ಒಂದು ಚಹದ ಅಂಗಡಿಯ ಮುಂದೆ ಸೇರುವ ಕಡೆ ಸ್ಟುಡಿಯೋದ ಕಂಠದಾನವು ಎಲ್ಲವನ್ನೂ ಒಂದೇ ಅಚ್ಚಿನ ಪಟ್ಟಣದ ಕನ್ನಡವನ್ನಾಗಿ ಮಾಡಿಬಿಡುವುದು. ಆದಕಾರಣ ಇಲ್ಲಿ ಮೊದಲ ಚಿತ್ರ ತೆಗೆಯುವವರು ಹೆಚ್ಚಿನ ಹಣವಿದ್ದರೆ ಎರಡನೆಯ ಮಸೂರವನ್ನು ಕೊಳ್ಳದೆ ಒಳ್ಳೆಯ ಮೈಕನ್ನೂ ಪ್ರತ್ಯೇಕವಾದ ಶಬ್ದಗ್ರಾಹಕ ಯಂತ್ರವನ್ನೂ ಬಾಡಿಗೆಗೆ ತರಬೇಕು. ಗುಂಪಿನಲ್ಲಿ ಅತ್ಯಂತ ತಾಳ್ಮೆಯುಳ್ಳವರನ್ನು ಅದಕ್ಕೆ ನೇಮಿಸಬೇಕು. ರೂಢಿಯಲ್ಲಿ ಇದು ತಿರುಗುಮುರುಗು: ಬುದ್ಧಿವಂತನು ಚಿತ್ರಯಂತ್ರವನ್ನು ಹಿಡಿಯುತ್ತಾನೆ, ಕೈ ಖಾಲಿಯಿರುವವನು ಮೈಕಿನ ಕೋಲನ್ನು.

ಈ ಕಸುಬಿನ ಮೂಲತತ್ತ್ವಗಳು ಸರಳವಾದುವು; ಅಭ್ಯಾಸವೇ ಕಷ್ಟ. ಬಯಲಿನಲ್ಲಿ ಮೈಕು ಬಾಯಿಂದ ಇಮ್ಮಡಿ ದೂರವಾದರೆ ಧ್ವನಿಯ ಮಟ್ಟವು ಸುಮಾರು 6 ಡೆಸಿಬೆಲ್ ಕುಗ್ಗುವುದು. ಗಾಳಿಯ, ಎಲೆಯ, ದೂರದ ಪಂಪುಸೆಟ್ಟಿನ ಸದ್ದು ಮಾತ್ರ ಇದ್ದಂತೆಯೇ ಇರುವುದು. ಹತ್ತಿರ ಹೋಗುವುದೊಂದೇ ಇದಕ್ಕೆ ಮದ್ದು. ಹಿನ್ನೀರಿನ ದಡದಲ್ಲಿ ಗಾಳಿಯಿದ್ದಾಗ ಮೈಕಿಗೆ ತುಪ್ಪುಳಿನ ಗವಸಿಲ್ಲದಿದ್ದರೆ ದಿನದ ಕೆಲಸವೆಲ್ಲ ವ್ಯರ್ಥ. ಶಬ್ದವನ್ನು ಸೆಕೆಂಡಿಗೆ 48,000 ಮಾದರಿಗಳಂತೆ ಗ್ರಹಿಸುವುದು ಚಿತ್ರದ ಕೆಲಸದಲ್ಲಿ ರೂಢಿ. ಚಿತ್ರವು ಸೆಕೆಂಡಿಗೆ 24 ಚೌಕಟ್ಟು. ಎರಡನ್ನೂ ಕೂಡಿಸಲು ಪ್ರತಿ ಬಾರಿಯೂ ಹಲಗೆಯನ್ನು ತಟ್ಟಬೇಕು. ಹಲಗೆಯಿಲ್ಲದಿದ್ದರೆ ಚಪ್ಪಾಳೆಯೂ ನಡೆದೀತು. ಪ್ರತಿ ಸ್ಥಳದಲ್ಲಿಯೂ ಎಲ್ಲರೂ ಬಾಯಿ ಮುಚ್ಚಿ ಒಂದು ನಿಮಿಷದ ಮೌನವನ್ನು ದಾಖಲಿಸಿಕೊಳ್ಳಬೇಕು. ಸಂಕಲನದಲ್ಲಿ ಮಾತಿನ ತುಂಡುಗಳ ನಡುವಣ ಬಿರುಕನ್ನು ಮುಚ್ಚುವುದು ಆ ಮೌನವೇ. ಹೆಸರಿನಲ್ಲಿಯೇ ಸಂತೆಯನ್ನಿಟ್ಟುಕೊಂಡ ಊರಿನಲ್ಲಿ ಒಂದು ನಿಮಿಷದ ಮೌನ ದೊರಕಿಸುವುದು ಸುಲಭವಲ್ಲವೆಂಬುದನ್ನು ಒಪ್ಪುತ್ತೇವೆ.

ಬೆಳಕಿನ ವಿಚಾರವನ್ನು ಹೆಚ್ಚು ಬೆಳೆಸುವುದಿಲ್ಲ. ಮೈಸೂರಿನಲ್ಲಿ ವೈದ್ಯವಿದ್ಯೆ ಓದಿ ಪುಣೆಯ ಚಿತ್ರಶಾಲೆ ಸೇರಿದ ಶ್ರೀ ಚಿದಾನಂದ ನಾಯ್ಕರು, ಮುದುಕಿಯೊಬ್ಬಳು ಊರಿನ ಕೋಳಿಯನ್ನು ಕದ್ದೊಯ್ದದ್ದರಿಂದ ಬೆಳಗೇ ಆಗದೆ ಹೋದ ಜನಪದ ಕಥೆಯನ್ನು ನಾಲ್ಕೇ ದಿನಗಳಲ್ಲಿ ಚಿತ್ರಿಸಿ, 2024ರಲ್ಲಿ ಕ್ಯಾನ್ ಉತ್ಸವದ ವಿದ್ಯಾರ್ಥಿ ವಿಭಾಗದ ಮೊದಲ ಬಹುಮಾನವನ್ನು ಪಡೆದರು. ಹದಿನಾರು ನಿಮಿಷದ ಆ ಚಿತ್ರದಲ್ಲಿ ಕತ್ತಲೆಯೇ ಕಥಾವಸ್ತು. ಹಣವಿಲ್ಲದವನು ಇಲ್ಲದ ದೀಪಗಳಿಗೆ ಅಳುವ ಬದಲು ಕತ್ತಲೆ ಬೇಡುವ ಕಥೆಯನ್ನು ಆರಿಸಿಕೊಳ್ಳಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ. ಕಾಡಿನೊಳಗೆ ಚಿತ್ರ ತೆಗೆಯಲು ಅರಣ್ಯ ಇಲಾಖೆಯ ಅನುಮತಿ ಅವಶ್ಯ. ಮೊದಲ ಚಿತ್ರವು ಕಾಡಿನ ಹೊರಗೇ, ಹೊಲದಲ್ಲಿ, ಜಗಲಿಯಲ್ಲಿ ನಡೆಯುವುದು ಎಲ್ಲ ರೀತಿಯಿಂದಲೂ ಮೇಲು. ಹುಲಿಯನ್ನು ತೋರಿಸಲು ಬೇರೆ ಜನರಿದ್ದಾರೆ.

ಕೊನೆಯದಾಗಿ ಒಂದು ಅಭ್ಯಾಸವನ್ನು ಸೂಚಿಸುತ್ತೇವೆ. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮೂರು ವರ್ಷಗಳಲ್ಲಿಯೇ ಕಬಿನಿಯ ಅಣೆಕಟ್ಟು ಮುಗಿದು, ಖೆಡ್ಡಾದ ನೆಲವು ನೀರಿನಡಿ ಸೇರಿತು. ಅಂದು ತರುಣರಾಗಿ ತಮಟೆ ಬಡಿದು ಆನೆಗಳನ್ನು ಅಟ್ಟಿದವರು ಈಗ ಎಪ್ಪತ್ತು ದಾಟಿರುವರು. ಹತ್ತು ವರ್ಷಗಳ ಮೇಲೆ ಅವರಲ್ಲಿ ಎಷ್ಟು ಮಂದಿ ಇರುವರೋ! ಅಂತರಸಂತೆಯ ಯಾವುದಾದರೊಂದು ಮನೆಯ ಸುಣ್ಣದ ಗೋಡೆಯ ಮೇಲೆ ‘ಎಲಿಫೆಂಟ್ ಬಾಯ್’ ಚಿತ್ರವನ್ನು, ಅದರ ಇಂಗ್ಲಿಷ್ ಧ್ವನಿಯನ್ನು ಪೂರ್ತಿ ಅಡಗಿಸಿ, ಆ ಹಿರಿಯರಿಗೆ ತೋರಿಸಬೇಕು. ಇದು ಯಾವ ಕಡವು, ಆ ಮಾವುತ ಮಾಡಿದ್ದು ಸರಿಯೋ ತಪ್ಪೋ, ಆನೆಗೆ ಏನೆಂದು ಕೂಗಬೇಕಾಗಿತ್ತು ಎಂದು ಅವರು ತಮ್ಮ ತಮ್ಮ ನುಡಿಯಲ್ಲಿ ಹೇಳುತ್ತ ಹೋಗಲಿ. ಚಿತ್ರಯಂತ್ರವನ್ನು ಅಂದು ಪೆಟ್ಟಿಗೆಯಿಂದ ತೆಗೆಯುವುದೇ ಬೇಡ. ಮೈಕು ಹಿಡಿದವನು ಅವರ ಪಕ್ಕದಲ್ಲಿ, ಒಂದು ಮೊಳದ ಅಂತರದಲ್ಲಿ, ಸುಮ್ಮನೆ ಕುಳಿತಿರಲಿ.