ಪ್ರೀಮಿಯಮ್ಮಿಗೆ ಹೆರಿಗೆಯ ಲೆಕ್ಕ ಗೊತ್ತಿಲ್ಲ

ಅಮೆರಿಕದಲ್ಲಿ ಒಂದು ಕಥೆ ಎಲ್ಲರಿಗೂ ಬಾಯಿಪಾಠ. ಜನ ಸಿಕ್ಕಸಿಕ್ಕಿದ್ದಕ್ಕೆಲ್ಲ ಡಾಕ್ಟರ ಮೇಲೆ ಕೇಸು ಹಾಕ್ತಾರೆ, ಜ್ಯೂರಿ ಕಣ್ಣುಮುಚ್ಚಿ ಪರಿಹಾರ ಕೊಡುತ್ತೆ, ಅದರಿಂದ ಡಾಕ್ಟರ ವಿಮೆ ದುಬಾರಿಯಾಗುತ್ತೆ, ಕೊನೆಗೆ ಡಾಕ್ಟರು ಊರು ಬಿಡ್ತಾರೆ. ಇದು ಬರೀ ಕಟ್ಟುಕಥೆ ಅಂತ ವಿಮಾ ಕಾನೂನಿನ ಪ್ರೊಫೆಸರ್ ಟಾಮ್ ಬೇಕರ್ 2005ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಹೆಸರು ‘ದಿ ಮೆಡಿಕಲ್ ಮಾಲ್‌ಪ್ರಾಕ್ಟಿಸ್ ಮಿಥ್’. ಪುಸ್ತಕದ ಮುಕ್ಕಾಲು ಪಾಲನ್ನು ನಾನು ತಕರಾರಿಲ್ಲದೆ ಒಪ್ತೀನಿ. ಉಳಿದ ಕಾಲು ಪಾಲು ವೆಸ್ಟ್ ವರ್ಜೀನಿಯಾದ ಬೆಟ್ಟಗಳ ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತೆ.

ಒಪ್ಪುವ ಭಾಗ ಮೊದಲು. ಹಾರ್ವರ್ಡ್‌ನವರು ನ್ಯೂಯಾರ್ಕ್ ರಾಜ್ಯದ ಆಸ್ಪತ್ರೆಗಳ 1984ರ ಸುಮಾರು 30 ಸಾವಿರ ಕಡತಗಳನ್ನು ಡಾಕ್ಟರುಗಳ ಕೈಯಲ್ಲೇ ಓದಿಸಿದ್ದರು. ಚಿಕಿತ್ಸೆಯಿಂದಲೇ ತೊಂದರೆಗೊಳಗಾದವರು ನೂರಕ್ಕೆ ನಾಲ್ಕರ ಹತ್ತಿರ. ಅದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಶುದ್ಧ ನಿರ್ಲಕ್ಷ್ಯ. ಆ ನಿರ್ಲಕ್ಷ್ಯಕ್ಕೆ ಬಲಿಯಾದವರಲ್ಲಿ ಕೇಸು ಹಾಕಿದವರು ನೂರಕ್ಕೆ ಇಬ್ಬರೂ ಇಲ್ಲ! ಅಂದ್ರೆ ಅಲ್ಲಿ ಅತಿಯಾಗಿರೋದು ತಪ್ಪುಗಳು, ಕೇಸುಗಳಲ್ಲ. ಬೇಕರ್ ಇದನ್ನು ವಕೀಲರ ಶೈಲಿಯಲ್ಲಿ ಒಂದೊಂದೇ ಸಾಕ್ಷಿ ಮುಂದಿಟ್ಟು ಹೇಳ್ತಾರೆ. ಓದೋಕೆ ಸ್ವಲ್ಪ ಒಣಒಣ ಅನ್ನಿಸುತ್ತೆ, ಆದರೆ ಅಲ್ಲಾಡಿಸೋದು ಕಷ್ಟ.

ಹಾಗಾದ್ರೆ ಪ್ರೀಮಿಯಂ ಯಾಕೆ ಏರಿತು? ಕಾರಿನ ವಿಮೆಯಲ್ಲಿ ಇವತ್ತು ಗುದ್ದಿದರೆ ನಾಳೆ ಕ್ಲೇಮು ಬರುತ್ತೆ. ಹೆರಿಗೆಯಲ್ಲಾದ ಎಡವಟ್ಟಿನ ಕ್ಲೇಮು ಎಷ್ಟೋ ವರ್ಷ ಬಿಟ್ಟು ಬರಬಹುದು. ಅಲ್ಲಿಯವರೆಗೆ ಕಂಪನಿಗಳು ಆ ದುಡ್ಡನ್ನು ಬಾಂಡುಗಳಲ್ಲಿ ಹಾಕಿ ಬಡ್ಡಿ ತಿನ್ನುತ್ತವೆ. ಬಡ್ಡಿ ಚೆನ್ನಾಗಿದ್ದ ತೊಂಬತ್ತರ ದಶಕದಲ್ಲಿ ಪೈಪೋಟಿಗೆ ಬಿದ್ದು ಅಗ್ಗದ ದರಕ್ಕೆ ಪಾಲಿಸಿ ಮಾರಿದರು. ಹಳೇ ಕ್ಲೇಮುಗಳ ಭಾರ ಏರಿ, ಬಡ್ಡಿ ಇಳಿದ ಮೇಲೆ ದರ ಒಮ್ಮೆಗೇ ಮೇಲಕ್ಕೆ ಹಾರಿತು. ಕ್ಯಾಬ್ ಆ್ಯಪಿನವರು ಮೊದಲು ಡಿಸ್ಕೌಂಟ್ ಕೊಟ್ಟು ಆಮೇಲೆ ಸರ್ಜ್ ಹಾಕ್ತಾರಲ್ಲ, ಹೆಚ್ಚುಕಮ್ಮಿ ಹಾಗೇ. 2001ರ ಡಿಸೆಂಬರ್‌ನಲ್ಲಿ ಆ ದೇಶದ ಅತಿ ದೊಡ್ಡ ವೈದ್ಯಕೀಯ ವಿಮಾದಾರರಲ್ಲಿ ಒಂದಾದ ಸೇಂಟ್ ಪಾಲ್ ಕಂಪನಿ ಈ ವ್ಯಾಪಾರವೇ ಬೇಡ ಅಂತ ಅಂಗಡಿ ಮುಚ್ಚಿತು.

ಬೇಕರ್ ವಾದ ಜಾರೋದು ಇಲ್ಲಿಂದ ಮುಂದೆ. ದೊಡ್ಡ ನಗರದಲ್ಲಿ ಒಂದು ಕಂಪನಿ ಹೋದರೆ ಇನ್ನೊಂದು ಸಿಗುತ್ತೆ. ವೆಸ್ಟ್ ವರ್ಜೀನಿಯಾದಲ್ಲಿ ಆಗ ಇದ್ದದ್ದೇ 18 ಲಕ್ಷ ಜನ, ಅದೂ ಗಣಿಯೂರುಗಳಲ್ಲಿ, ಕಣಿವೆಗಳಲ್ಲಿ ಚದುರಿಹೋದವರು. ಇಷ್ಟು ಸಣ್ಣ ಮಾರುಕಟ್ಟೆಗೆ ಹೊಸಬರು ಓಡಿ ಬರಲ್ಲ. ಇದಕ್ಕಿಂತ ದೊಡ್ಡ ಸಮಸ್ಯೆ ಲೆಕ್ಕದ್ದು. ಡಾಕ್ಟರ ಪ್ರೀಮಿಯಂ ಸಾಮಾನ್ಯವಾಗಿ ನಿಗದಿಯಾಗೋದು ಅವರ ಸ್ಪೆಷಾಲಿಟಿ ಯಾವುದು, ಊರು ಯಾವುದು ಅನ್ನೋದರ ಮೇಲೆ. ವರ್ಷಕ್ಕೆ ಎಷ್ಟು ರೋಗಿಗಳನ್ನು ನೋಡ್ತಾರೆ ಅನ್ನೋದರ ಮೇಲೆ ಅಲ್ಲ. ಸುಮ್ಮನೆ ಉದಾಹರಣೆಗೆ, ಪ್ರೀಮಿಯಂ ವರ್ಷಕ್ಕೆ 90 ಸಾವಿರ ಡಾಲರ್ ಅಂದುಕೊಳ್ಳಿ. 300 ಹೆರಿಗೆ ಮಾಡಿಸುವವರಿಗೆ ತಲಾ 300 ಡಾಲರ್ ಬೀಳುತ್ತೆ. ಹಳ್ಳಿಯಲ್ಲಿ 60 ಹೆರಿಗೆ ಮಾಡಿಸುವವರಿಗೆ ತಲಾ 1,500. ಅದನ್ನು ಬಾಣಂತಿಯ ಬಿಲ್ಲಿಗೆ ಸೇರಿಸೋಣ ಅಂದ್ರೆ ಬಡವರ ಹೆರಿಗೆಗೆ ದುಡ್ಡು ಕೊಡೋದು ಸರ್ಕಾರದ ಮೆಡಿಕೇಡ್, ಅದರ ದರ ಫಿಕ್ಸು. ಆಗ ಆ ಡಾಕ್ಟರು ಮಾಡೋದೇನು? ಊರು ಬಿಡಬೇಕಾಗಿಲ್ಲ, ಹೆರಿಗೆ ಮಾಡಿಸೋದು ಬಿಟ್ಟರೆ ಸಾಕು.

ಇದಕ್ಕೊಂದು ಬಾಲವೂ ಇದೆ, ಅಕ್ಷರಶಃ. ಅಲ್ಲಿನ ಬಹುಪಾಲು ಪಾಲಿಸಿಗಳು ಕೇಸು ಬಂದ ದಿನ ಚಾಲ್ತಿಯಲ್ಲಿದ್ದರೆ ಮಾತ್ರ ಕೆಲಸಕ್ಕೆ ಬರುತ್ತವೆ. ಹಾಗಾಗಿ ಕಂಪನಿ ಬದಲಿಸುವಾಗ, ನಿವೃತ್ತಿಯಾಗುವಾಗ ಹಳೇ ಕೆಲಸಕ್ಕೆ ‘ಟೇಲ್’ ಅನ್ನೋ ಇನ್ನೊಂದು ರಕ್ಷಣೆ ಬೇಕು. ಬೆಲೆ ಎಷ್ಟೋ ಸಲ ವರ್ಷದ ಪ್ರೀಮಿಯಮ್ಮಿನ ಒಂದೂವರೆ, ಎರಡು ಪಟ್ಟು. ನಮ್ಮ ಕಡೆಯಿಂದ ಓದಲು ಹೋಗಿ ಜೆ-1 ವೀಸಾ ವಿನಾಯಿತಿಗಾಗಿ ಇಂಥ ಊರುಗಳಲ್ಲಿ ಮೂರು ವರ್ಷ ದುಡಿಯಲು ಒಪ್ಪಿಕೊಂಡ ಡಾಕ್ಟರುಗಳೂ ಕಾಂಟ್ರಾಕ್ಟಿನಲ್ಲಿ ಮೊದಲು ನೋಡಬೇಕಾದ ಸಾಲು ಇದು: ಬಾಲದ ಖರ್ಚು ಯಾರದ್ದು?

2002ರ ಆಗಸ್ಟ್‌ನಲ್ಲಿ ರಾಜಧಾನಿ ಚಾರ್ಲ್ಸ್‌ಟನ್ನಿನ ದೊಡ್ಡ ಆಸ್ಪತ್ರೆ ಮೂಳೆ ಸರ್ಜನ್‌ಗಳಿಲ್ಲದೆ ತನ್ನ ಮೊದಲ ದರ್ಜೆಯ ಟ್ರಾಮಾ ಸೆಂಟರ್ ಪಟ್ಟವನ್ನು ಕೆಲಕಾಲ ಕಳೆದುಕೊಂಡಿತು. 2003ರ ಹೊಸ ವರ್ಷದ ದಿನ ರಾಜ್ಯದ ಉತ್ತರ ತುದಿಯ ವೀಲಿಂಗ್ ಸುತ್ತಮುತ್ತಲ ನಾಲ್ಕು ಆಸ್ಪತ್ರೆಗಳ ಸರ್ಜನ್‌ಗಳು ವಿಮೆಯ ದರ ಪ್ರತಿಭಟಿಸಿ ಕೆಲಸ ನಿಲ್ಲಿಸಿದರು. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಅದೇ ವರ್ಷ ಈ ರಾಜ್ಯವೂ ಸೇರಿ ಐದು ರಾಜ್ಯಗಳಲ್ಲಿ ವಿಚಾರಿಸಿತು. ಡಾಕ್ಟರು ಗುಳೆ ಹೋದರು ಅನ್ನೋ ಎಷ್ಟೋ ದೂರುಗಳಿಗೆ ಆಧಾರ ಸಿಗಲಿಲ್ಲ. ಇಲ್ಲಿಗೆ ಬೇಕರ್ ಗೆದ್ದರು. ಆದರೆ ಅದೇ ವರದಿ, ಅಲ್ಲಲ್ಲಿ, ಅದರಲ್ಲೂ ಹಳ್ಳಿಗಾಡಿನ ಕೆಲವು ಕಡೆ, ತುರ್ತು ಸರ್ಜರಿ ಮತ್ತು ಹೆರಿಗೆ ಸೌಲಭ್ಯ ನಿಜವಾಗಿಯೂ ಕಡಿಮೆಯಾಗಿದೆ ಅಂತಲೂ ಹೇಳಿತು. ರಾಜ್ಯದ ಒಟ್ಟು ಲೆಕ್ಕದಲ್ಲಿ ಇದು ಸಣ್ಣ ವಿಷಯ. ನೋವು ಶುರುವಾದ ಹೆಂಗಸನ್ನು ಬೆಟ್ಟದ ದಾರಿಯಲ್ಲಿ ಪಕ್ಕದ ಕೌಂಟಿಗೆ ಸಾಗಿಸೋ ಮನೆಯವರ ಮುಂದೆ ಈ ಸರಾಸರಿ ಹಿಡಿದುಕೊಂಡು ಏನು ಹೇಳೋದು?

ಬೇಕರ್ ಕೊಡುವ ಪರಿಹಾರಗಳಲ್ಲಿ ಮುಖ್ಯವಾದದ್ದು ವಿಮೆಯ ಹೊಣೆಯನ್ನು ಒಬ್ಬೊಬ್ಬ ಡಾಕ್ಟರ ತಲೆಯಿಂದ ಇಳಿಸಿ ಆಸ್ಪತ್ರೆಯ ಮೇಲೆ ಹೊರಿಸೋದು. ನಗರದ ದೊಡ್ಡಾಸ್ಪತ್ರೆಗೆ ಅದ್ಭುತ ಐಡಿಯಾ. ತಪ್ಪುಗಳನ್ನು ಕಡಿಮೆ ಮಾಡೋ ಶಕ್ತಿ ಇರೋದೂ ಅದಕ್ಕೇ ತಾನೆ? ಆದರೆ ಹಳ್ಳಿಗಳಿಗೆಂದೇ ಸರ್ಕಾರ ಗುರುತಿಸಿರುವ ಪುಟ್ಟ ಆಸ್ಪತ್ರೆಗಳಲ್ಲಿ 25ಕ್ಕಿಂತ ಹೆಚ್ಚು ಹಾಸಿಗೆ ಇರೋ ಹಾಗೇ ಇಲ್ಲ. ಲಾಭ ಹೋಗಲಿ, ಸಂಬಳ ಹೊಂದಿಸೋದೇ ಎಷ್ಟೋ ಕಡೆ ಕಷ್ಟ. ಡಾಕ್ಟರಿಗೆ ಭಾರವಾದದ್ದನ್ನು ಅದರ ಹೆಗಲಿಗೇರಿಸಿದರೆ ಆಸ್ಪತ್ರೆ ಮೊದಲು ಮುಚ್ಚೋದು ಹೆರಿಗೆ ವಾರ್ಡನ್ನೇ. ಇಲ್ಲಿ ಬೇಕಿರೋದು ಊರಿನ ದುಡ್ಡು, ಅಂದ್ರೆ ತೆರಿಗೆಯ ದುಡ್ಡು. ಹಳ್ಳಿಯ ಹೆರಿಗೆಗೆ ತಗಲುವ ಹೆಚ್ಚುವರಿ ಪ್ರೀಮಿಯಮ್ಮನ್ನು, ರಸ್ತೆ-ಸೇತುವೆಗೆ ಕೊಟ್ಟ ಹಾಗೆ, ಸರ್ಕಾರ ಕೊಡಬೇಕು.

ವೆಸ್ಟ್ ವರ್ಜೀನಿಯಾ ಆ ದಿಕ್ಕಿನಲ್ಲಿ ಸ್ವಲ್ಪ ನಡೆಯಿತು. ಮೊದಲು ಸರ್ಕಾರವೇ ವಿಮೆ ಕೊಟ್ಟಿತು, ಆಮೇಲೆ ಸಾಲ ಕೊಟ್ಟು ಡಾಕ್ಟರುಗಳದ್ದೇ ಒಂದು ಕಂಪನಿ ಕಟ್ಟಿಸಿತು. ಜೊತೆಗೆ 2003ರಲ್ಲಿ, ನೋವು-ಸಂಕಟಕ್ಕೆ ಕೊಡುವ ಪರಿಹಾರದ ಮಿತಿಯನ್ನು 10 ಲಕ್ಷ ಡಾಲರಿನಿಂದ ಎರಡೂವರೆ ಲಕ್ಷಕ್ಕೆ ಇಳಿಸಿತು. ಸಾವು, ಶಾಶ್ವತ ಅಂಗಹಾನಿಯಂಥ ಗಂಭೀರ ಪ್ರಕರಣಕ್ಕೆ 5 ಲಕ್ಷ. ಕಳೆದುಕೊಂಡ ಸಂಬಳಕ್ಕೆ ಈ ಮಿತಿ ಇಲ್ಲ. ಅಂದ್ರೆ ಪೆಟ್ಟು ಬಿದ್ದದ್ದು ತೋರಿಸೋಕೆ ಸಂಬಳವೇ ಇಲ್ಲದವರಿಗೆ: ಮನೆ ನೋಡಿಕೊಳ್ಳುವ ಹೆಂಗಸಿಗೆ, ರಿಟೈರಾದ ಗಣಿ ಕಾರ್ಮಿಕನಿಗೆ. ಅಲ್ಲಿ ರೋಗಿಯ ವಕೀಲರ ಫೀಸು ಗೆದ್ದ ಹಣದ ಪಾಲು. ತಜ್ಞ ಸಾಕ್ಷಿಗಳ ಖರ್ಚೇ ಆ ಪಾಲನ್ನು ನುಂಗುವಂತಿದ್ದರೆ ಇಂಥವರ ಕೇಸು ಹಿಡಿಯೋರು ಯಾರು? ಎರಡು ಕೋಣಗಳ ಜಗಳದಲ್ಲಿ ಬಡವಾದ ಗಿಡ ಇದು. ಪ್ರೀಮಿಯಂ ಏರಿಸಿದ್ದು ಈ ಜನ ಅಲ್ಲ, ಇಳಿಸೋಕೆ ಕಂತು ಕಟ್ಟಿದ್ದು ಮಾತ್ರ ಇವರು. 2011ರಲ್ಲಿ ಒಂದು ಪ್ರಕರಣದಲ್ಲಿ, ನೋವಿಗಾಗಿ ಜ್ಯೂರಿ ಕೊಟ್ಟಿದ್ದ 15 ಲಕ್ಷ ಡಾಲರನ್ನು 5 ಲಕ್ಷಕ್ಕೆ ಇಳಿಸಿದ್ದು ಸರಿ ಅಂತ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಒಪ್ಪಿಕೊಂಡಿತು.